ಹಾಲಿನ ಲೆಕ್ಕ ನಡೆದು ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಅಂತ ಸಂಚಿಕೆ ಸಮಿತಿಯವರು ಕೇಳಿದಾಗ ನಾವು ಮೊದಲು ಹಿಂಜರಿದೆವು. ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ. ಆಮೇಲೆ ಕೈ ಹಿಡಿದದ್ದು ಹೊಲ, ಹಸು ಮತ್ತು ಹಾಲಿನ ಕ್ಯಾನು. ಆದರೂ ಸಂಘದ ನಿರ್ದೇಶಕರಾದ ಮೇಲೆ ಬರೆಯೋಲ್ಲ ಅನ್ನೋಕೆ ಆಗೋದಿಲ್ಲ. ಸಂಘ ಕಟ್ಟಿದ ಹಿರಿಯರ ಬಗ್ಗೆ, ಸ್ವಂತ ಕಟ್ಟಡ ಎದ್ದ ಬಗ್ಗೆ ಬೇರೆಯವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಆದ್ದರಿಂದ ನಾವು ಯಾರೂ ಅಷ್ಟಾಗಿ ನೋಡದ ಒಂದು ವಸ್ತುವಿನ ಬಗ್ಗೆ ಬರೆಯೋಣ ಅಂದುಕೊಂಡೆವು. ಅದೇ ನಮ್ಮ ಸಂಘದ ಬೀರುವಿನಲ್ಲಿರುವ ಲೆಕ್ಕದ ಪುಸ್ತಕಗಳು.

ಬೆಳ್ಳಿ ಹಬ್ಬದ ತಯಾರಿಗೆಂದು ಆ ಬೀರು ತೆಗೆಸಿದಾಗ ಕೆಳಗಿನ ಖಾನೆಯಲ್ಲಿ ಕೆಂಪು ರಟ್ಟಿನ ದಪ್ಪ ಪುಸ್ತಕಗಳು ಇದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಮೇಲಿನ ಖಾನೆಯಲ್ಲಿ ಕಂಪ್ಯೂಟರಿನಿಂದ ತೆಗೆದ ಕಾಗದದ ಕಟ್ಟುಗಳು. ಇನ್ನು ಈಗಿನ ಲೆಕ್ಕವೆಲ್ಲ ಯಂತ್ರದೊಳಗೇ ಇದೆ. ನಮ್ಮ ಜೊತೆ ನಿಂತಿದ್ದ ಒಬ್ಬ ಹುಡುಗ, "ಹಳೇ ಪುಸ್ತಕ ಎಲ್ಲ ತೂಕಕ್ಕೆ ಹಾಕಿಬಿಡಿ, ಈಗ ಕಂಪ್ಯೂಟರ್ ಇದೆಯಲ್ಲ, ಲೆಕ್ಕ ತಪ್ಪೋ ಮಾತೇ ಇಲ್ಲ" ಅಂದ. ಊರಲ್ಲಿ ಬಹಳ ಜನ ಹೀಗೇ ತಿಳಿದಿದ್ದಾರೆ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದನ್ನು ಹಾಲಿನ ಲೆಕ್ಕದ ಚರಿತ್ರೆ ನೋಡಿಯೇ ಹೇಳಬೇಕು.

ಲೆಕ್ಕ ಎಲ್ಲರದೂ ಆಗಿದ್ದ ಕಾಲ

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮಾರನೇ ವರ್ಷ, ಅಂದರೆ 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇದು ಕನ್ನಡ ನಾಡಿನವರು ಹೆಮ್ಮೆ ಪಡಬೇಕಾದ ಸಂಗತಿ. ಆ ಕಾಲದ ಕಾನೂನಿನಲ್ಲಿ ಹಳ್ಳಿಯ ಸಂಘಗಳ ಸದಸ್ಯರಿಗೆ ಮಿತಿಯಿಲ್ಲದ ಹೊಣೆ ಇತ್ತು. ಅಂದರೆ ಸಂಘ ಮುಳುಗಿದರೆ ಅದರ ಸಾಲವನ್ನು ಎಲ್ಲ ಸದಸ್ಯರೂ ತಮ್ಮ ಆಸ್ತಿಯಿಂದ ತೀರಿಸಬೇಕಾಗಿತ್ತು. ಪಕ್ಕದ ಮನೆಯವನ ಸಾಲದ ಲೆಕ್ಕ ತಪ್ಪಾಗಿ ಬರೆದರೆ ನಮ್ಮ ಹೊಲಕ್ಕೇ ಕುತ್ತು! ಹಾಗಿರುವಾಗ ಪುಸ್ತಕದಲ್ಲಿ ಏನು ಬರೆದಿದೆ ಅಂತ ಸದಸ್ಯರು ಕೇಳದೆ ಇರಲು ಆಗುತ್ತಿರಲಿಲ್ಲ. ಸಹಕಾರ ಸಂಘದ ಪುಸ್ತಕ ಕಾರ್ಯದರ್ಶಿಯೊಬ್ಬರದಲ್ಲ, ಎಲ್ಲರದು ಅನ್ನೋ ಮಾತು ಅಲ್ಲಿಂದಲೇ ಬಂದದ್ದು.

ಹಾಲಿನ ಲೆಕ್ಕ ಸಾಲದ ಲೆಕ್ಕಕ್ಕಿಂತ ಕಷ್ಟ. ನೂರು ರೂಪಾಯಿ ಕೊಟ್ಟರೆ ನೂರು ಅಂತ ಬರೆದರಾಯಿತು. ಆದರೆ ಎರಡು ಲೀಟರ್ ಹಾಲು ಎಂಥ ಹಾಲು? ಹಿರಿಯರು ಸುಮ್ಮನೆ ಹೇಳಲಿಲ್ಲ, ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ. ಹಿಂದೆ ಮನೆ ಬಾಗಿಲಿಗೆ ಬಂದು ಹಾಲು ಒಯ್ಯುತ್ತಿದ್ದ ವ್ಯಾಪಾರಿ ತನ್ನದೇ ಅಳತೆಯಲ್ಲಿ ಅಳೆದು, ತನ್ನ ಚೀಟಿಯಲ್ಲಿ ತಾನೇ ಬರೆದುಕೊಂಡು, ತಿಂಗಳಿಗೊಮ್ಮೆ ತಾನು ಹೇಳಿದಷ್ಟು ದುಡ್ಡು ಕೊಡ್ತಿದ್ದ. ಅಳೆಯುವವನೂ ಅವನೇ, ಬರೆಯುವವನೂ ಅವನೇ, ಕೊಡುವವನೂ ಅವನೇ. ನಮ್ಮ ಹತ್ತಿರ ತೋರಿಸೋದಕ್ಕೆ ಒಂದು ಕಾಗದ ಇರಲಿಲ್ಲ. ಒಬ್ಬರು ಗಟ್ಟಿ ಹಾಲು ಕೊಟ್ಟರೂ ಇನ್ನೊಬ್ಬರು ನೀರು ಬೆರೆಸಿ ಕೊಟ್ಟರೂ ಅದೇ ಬೆಲೆ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಒಕ್ಕೂಟದ ತರಬೇತಿಗೆ ಹೋದಾಗ ನಮಗೆ ಇದರ ಕತೆ ಹೇಳಿದರು. ಅಮೆರಿಕದ ವಿಸ್ಕಾನ್ಸಿನ್ ಎಂಬಲ್ಲಿ ರೈತರು ಬೆಣ್ಣೆ ಮತ್ತು ಗಿಣ್ಣದ ಕಾರ್ಖಾನೆಗಳಿಗೆ ಹಾಲು ಹಾಕುತ್ತಿದ್ದರು. ಅಲ್ಲೂ ತೂಕದ ಮೇಲೆ ಬೆಲೆ, ಅಲ್ಲೂ ಕೆನೆ ತೆಗೆದು ನೀರು ಬೆರೆಸುವವರು, ಅಲ್ಲೂ ಪ್ರಾಮಾಣಿಕನಿಗೇ ನಷ್ಟ. 1890ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಹಾಲಿಗೆ ಆಮ್ಲ ಬೆರೆಸಿ, ತಿರುಗಿಸಿ, ಜಿಡ್ಡನ್ನು ಬೇರೆ ಮಾಡಿ ಅಳೆಯುವ ವಿಧಾನ ಕಂಡುಹಿಡಿದರು. ಅದರ ಹಕ್ಕನ್ನು ತಾವೊಬ್ಬರೇ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಎಂಬುವರು ಇಂಥದೇ ಇನ್ನೊಂದು ವಿಧಾನ ಕಂಡುಹಿಡಿದರು. ನಮ್ಮ ಡೈರಿಗಳಿಗೆ ಬಂದದ್ದು ಈ ಗರ್ಬರ್ ಪರೀಕ್ಷೆಯೇ. ಹಾಲಿನ ಗುಣ ಅಂಕಿಯಾಗಿ ಪುಸ್ತಕಕ್ಕೆ ಇಳಿದದ್ದು ಆಗ.

ಆನಂದದಿಂದ ಕೂಡಿಗೆಗೆ

ಗುಜರಾತಿನ ಖೇಡಾ ಜಿಲ್ಲೆಯ ಕತೆ ಎಲ್ಲ ಸದಸ್ಯರಿಗೂ ಗೊತ್ತಿರೋದೇ. ಮುಂಬಯಿಗೆ ಹಾಲು ಕಳಿಸುವ ಹಕ್ಕು ಪೋಲ್ಸನ್ ಕಂಪನಿಯ ಕೈಯಲ್ಲಿತ್ತು, ಮಧ್ಯದಲ್ಲಿ ದಲ್ಲಾಳಿಗಳಿದ್ದರು. ಸರ್ದಾರ್ ಪಟೇಲರ ಸಲಹೆಯಂತೆ ರೈತರು 1946ರ ಜನವರಿ 4ರಂದು ಸಮರ್ಖಾ ಎಂಬ ಊರಿನಲ್ಲಿ ಸಭೆ ಸೇರಿ, ಹಾಲು ಕೊಡೋದಿಲ್ಲ ಅಂತ ತೀರ್ಮಾನ ಮಾಡಿ, ಹದಿನೈದು ದಿನ ಒಂದು ತೊಟ್ಟು ಹಾಲು ಕೊಡಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಅವರ ಒಕ್ಕೂಟ ನೋಂದಣಿ ಆಯಿತು. ತ್ರಿಭುವನದಾಸ್ ಪಟೇಲರು ಅಧ್ಯಕ್ಷರು. 1949ರಲ್ಲಿ ಆನಂದಕ್ಕೆ ಬಂದ ವರ್ಗೀಸ್ ಕುರಿಯನ್‌ರವರು ಅವರಿಗೆ ಕೈ ಜೋಡಿಸಿದರು.

ಈ ಕತೆಯನ್ನು ಹೇಳುವಾಗ ಎಲ್ಲರೂ ಹೋರಾಟದ ಬಗ್ಗೆ ಹೇಳ್ತಾರೆ, ಕಾರ್ಖಾನೆಯ ಬಗ್ಗೆ ಹೇಳ್ತಾರೆ. ನಮಗೆ ಮುಖ್ಯವಾಗಿ ಕಾಣೋದು ಆ ಹಳ್ಳಿ ಸಂಘಗಳಲ್ಲಿ ಕೆಲಸ ನಡೆಯುವ ಕ್ರಮ. ಸಾಲಿನಲ್ಲಿ ಯಾರು ಮೊದಲು ಬಂದರೋ ಅವರೇ ಮುಂದೆ. ಜಾತಿ, ದೊಡ್ಡವರು, ಚಿಕ್ಕವರು ಅನ್ನೋದಿಲ್ಲ. ಹಾಲು ಹಾಕುವವರ ಕಣ್ಣೆದುರೇ ಅಳತೆ, ಅಲ್ಲೇ ಮಾದರಿ ತೆಗೆಯುವುದು, ಅಲ್ಲೇ ಬರೆಯುವುದು, ಅವರ ಕೈಯ ಪುಸ್ತಕದಲ್ಲೂ ಬರೆಯುವುದು, ಜಿಡ್ಡು ನೋಡಿ ಹಣ ಕೊಡುವುದು. ಒಂದೇ ಅಂಕಿ ಎರಡು ಕಡೆ ಇದ್ದುದರಿಂದ ಒಂದನ್ನು ತಿದ್ದಿದರೆ ಇನ್ನೊಂದು ಸಾಕ್ಷಿ ಹೇಳ್ತಿತ್ತು. ಆ ಲೆಕ್ಕಕ್ಕೆ ಜನ ನಂಬಿಕೆ ಕೊಟ್ಟದ್ದು ಈ ಕ್ರಮದಿಂದ.

ನಮ್ಮ ರಾಜ್ಯದಲ್ಲಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಮೊದಲ ಹಾಲು ಸಹಕಾರ ಡೈರಿ ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನುಗಾರಿಕೆ ಅಭಿವೃದ್ಧಿ ಯೋಜನೆ ಶುರುವಾಗಿ, ಆನಂದದ ಮಾದರಿಯಲ್ಲಿ ಹಳ್ಳಿ ಹಳ್ಳಿಗೂ ಸಂಘಗಳು ಬಂದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳಿ ಎಂಬ ಮೂರು ಮೆಟ್ಟಿಲು. ಸಂಘದ ಜೊತೆಗೆ ಪುಸ್ತಕಗಳ ಒಂದು ಸೆಟ್ಟೂ ಬಂತು. ಹಾಲು ಖರೀದಿ ಪುಸ್ತಕ, ಜಿಡ್ಡಿನ ಪರೀಕ್ಷೆ ಪುಸ್ತಕ, ಸ್ಥಳೀಯ ಮಾರಾಟ, ಲಾರಿಗೆ ಕೊಡುವ ಚೀಟಿ, ಬಟವಾಡೆ ಪುಸ್ತಕ, ಸದಸ್ಯರ ಪಾಸ್ ಪುಸ್ತಕ. ಇವುಗಳಲ್ಲಿ ಒಂದರ ಅಂಕಿ ಇನ್ನೊಂದಕ್ಕೆ ಹೋಗುತ್ತದೆ. ಮೊದಲನೆಯದು ತಪ್ಪಿದರೆ ಕೊನೆಯದರವರೆಗೂ ತಪ್ಪೇ.

ಒಂದು ಉದಾಹರಣೆ ಹೇಳ್ತೇವೆ. ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡ್ತೀವಲ್ಲ, ಹಾಲಿಗೆ ನೀರು ಬೆರೆಸಿದರೆ ಅದು ಕಡಿಮೆ ತೋರಿಸುತ್ತದೆ. ಆದರೆ ಕೆನೆ ತೆಗೆದರೆ ಡಿಗ್ರಿ ಏರುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಬೆರೆಸಿದರೆ ಡಿಗ್ರಿ ಮತ್ತೆ ಸರಿಯಾಗೇ ಕಾಣುತ್ತದೆ! ಆದ್ದರಿಂದ ಡಿಗ್ರಿ ಒಂದನ್ನೇ ನಂಬಬಾರದು, ಜಿಡ್ಡನ್ನೂ ನೋಡಬೇಕು. ಎಸ್.ಎನ್.ಎಫ್. ಅಂತ ಬರೆಯುವ ಜಿಡ್ಡಲ್ಲದ ಘನಾಂಶವನ್ನು ಡಿಗ್ರಿ ಮತ್ತು ಜಿಡ್ಡು ಎರಡರಿಂದ ಲೆಕ್ಕ ಹಾಕಿ ತೆಗೆಯುತ್ತಿದ್ದರು. ಅಂದರೆ ಜಿಡ್ಡು ತಪ್ಪು ಬರೆದರೆ ಘನಾಂಶವೂ ತಪ್ಪು, ಎರಡೂ ತಪ್ಪಿದರೆ ದರವೂ ತಪ್ಪು, ದರ ತಪ್ಪಿದರೆ ಬಟವಾಡೆ ದಿನ ಕೈಗೆ ಬರುವ ದುಡ್ಡೂ ತಪ್ಪು.

ಅಜ್ಜಿಯ ಪಾಸ್ ಪುಸ್ತಕ

ಇನ್ನು ನಮ್ಮ ಸಂಘದ ವಿಷಯಕ್ಕೆ ಬರೋಣ. ಶುರುವಾದ ಹೊಸದರಲ್ಲಿ ಬಾಡಿಗೆ ಮನೆಯ ಜಗುಲಿಯಲ್ಲಿ ಹಾಲು ಹಾಕಿಸಿಕೊಳ್ತಿದ್ದರು. ಅಳತೆ ಲೀಟರಿನ ಮಾಪಿನಲ್ಲಿ. ನೊರೆ ಇದ್ದರೆ ಜಗಳ. ಮಾಪಿನ ಕೊನೆಯ ಚೂರು ಲೆಕ್ಕಕ್ಕೆ ಸಿಗದೆ ಸಂಘಕ್ಕೇ ಹೋಗ್ತಿತ್ತು. ಅದು ಎಷ್ಟು ಮಹಾ ಅಂತ ಕೇಳಬಹುದು. ಒಂದು ಹೊತ್ತಿಗೆ 50 ಮಿಲಿ ಹೋದರೆ ದಿನಕ್ಕೆ 100 ಮಿಲಿ, ವರ್ಷಕ್ಕೆ ಮೂವತ್ತಾರೂವರೆ ಲೀಟರ್. ಒಬ್ಬ ಸದಸ್ಯನದು ಇಷ್ಟು.

ಜಿಡ್ಡಿನ ಪರೀಕ್ಷೆ ಇದಕ್ಕಿಂತ ಕಷ್ಟದ್ದು. ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಕುಲುಕಿ, ತಿರುಗುವ ಯಂತ್ರದಲ್ಲಿಟ್ಟು ತಿರುಗಿಸಿ, ಬಿಸಿ ನೀರಲ್ಲಿಟ್ಟು ಕೊಳವೆಯ ಗೆರೆ ನೋಡಬೇಕು. ಆಮ್ಲ ಬಿದ್ದು ನಮ್ಮ ಹಾಲು ಪರೀಕ್ಷಕರ ಅಂಗಿಗಳೆಲ್ಲ ತೂತು. ಕೊಳವೆಗಳು ಇದ್ದದ್ದು ಕೆಲವೇ, ಹಾಲು ಹಾಕುವವರು ಬಹಳ. ಹಾಲಿನ ಲಾರಿ ಬಂದು ಹಾರನ್ ಹೊಡೀತಾ ನಿಲ್ತಿತ್ತು. ಹಾಗಾಗಿ ಮಾದರಿ ಬಾಟಲಿಗಳನ್ನು ಇಟ್ಟುಕೊಂಡು ಆಮೇಲೆ ಪರೀಕ್ಷೆ ಮಾಡೋದು ರೂಢಿ ಆಯಿತು. ಬಾಟಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರು ಒದ್ದೆಯಾಗಿ ಅಳಿಸಿಹೋಗ್ತಿತ್ತು. ನಂಬರು ಅಳಿಸಿದ ಮೇಲೆ ಯಾರ ಹಾಲು ಅಂತ ಯಾರಿಗೆ ಗೊತ್ತು? ಪರೀಕ್ಷಕರು ನಿನ್ನೆಯ ಅಂಕಿಯನ್ನೇ ಬರೆದುಬಿಡ್ತಿದ್ದರು. ಹೀಗೆ ಒಂದು ದಿನ, ಎರಡು ದಿನ, ಆಮೇಲೆ ಅದೇ ಅಭ್ಯಾಸ.

ಆಗ ನಮ್ಮ ತಂದೆಯವರು ನಿರ್ದೇಶಕರು. ನಾವು ಓದು ಮುಗಿಸಿ ಮನೇಲಿದ್ದು ಹಾಲು ಹಾಕೋಕೆ ಹೋಗ್ತಿದ್ದೆವು. ಒಂದು ಬಟವಾಡೆ ದಿನ ಕೆಳಗಿನ ಕೇರಿಯ ಒಬ್ಬ ಅಜ್ಜಿ ನಮ್ಮನ್ನು ಕರೆದು, "ನೀನು ಓದಿದ್ದೀಯಲ್ಲ ಮಗ, ಇದರಲ್ಲಿ ಏನು ಬರೆದವ್ರೆ ನೋಡಿ ಹೇಳು" ಅಂತ ಪಾಸ್ ಪುಸ್ತಕ ಕೊಟ್ಟರು. ಅವರಿಗೆ ಇದ್ದದ್ದು ಒಂದೇ ಹಸು, ಅದರ ಹಾಲಿನಿಂದಲೇ ಜೀವನ. ನಾವು ಓದಿದೆವು. ಜಿಡ್ಡು 3.4, ಮಾರನೇ ದಿನ 3.4, ಅದರ ಮಾರನೇ ದಿನ 3.4. ಹದಿನೈದು ದಿನ, ಬೆಳಿಗ್ಗೆ ಸಂಜೆ, ಎಲ್ಲವೂ 3.4.

ಅಜ್ಜಿ ಕೇಳಿಸಿಕೊಂಡು, "ಅಲ್ಲ ಮಗ, ಹೋದ ವಾರ ಹಿಂಡಿ ಇರಲಿಲ್ಲ, ಬರೀ ಒಣಹುಲ್ಲು ಹಾಕ್ದೆ. ಈ ವಾರ ಬೂಸಾ ಹಿಂಡಿ ಎಲ್ಲ ಕೊಟ್ಟಿವ್ನಿ. ನಮ್ಮ ಹಸಾ ದಿನಕ್ಕೊಂದು ಥರ ಮೇಯ್ತದೆ, ನಿಮ್ಮ ಪುಸ್ತಕದಾಗೆ ಮಾತ್ರ ಒಂದೇ ಥರ ಹಾಲು ಕೊಡ್ತದಾ?" ಅಂದರು.

ನಮಗೆ ಉತ್ತರ ಬರಲಿಲ್ಲ. ಮನೆಗೆ ಬಂದು ನಮ್ಮದೇ ಪಾಸ್ ಪುಸ್ತಕ ತೆಗೆದು ನೋಡಿದೆವು. ಅದರಲ್ಲೂ ಹದಿನೈದು ದಿನ ಒಂದೇ ಅಂಕಿ. ಆದರೆ ಅದು 4.1. ನಮ್ಮ ಹಸುಗಳ ಹಾಲು ಹೇಗಿತ್ತು ಅಂತ ನಮಗೆ ಗೊತ್ತಿತ್ತು. ಕರುವಿಗೆ ಕೊನೆಯ ಹಾಲು ಬಿಡ್ತಿದ್ದೆವು, ಕೊನೆಯ ಹಾಲಿನಲ್ಲೇ ಜಿಡ್ಡು ಹೆಚ್ಚು ಇರೋದು. ನಮ್ಮ ಹಾಲು 4.1 ಆಗೋಕೆ ಸಾಧ್ಯವೇ ಇರಲಿಲ್ಲ. ಯಾರೂ ನಮಗೆ ಹೆಚ್ಚು ಬರೆಯಿರಿ ಅಂತ ಹೇಳಿರಲಿಲ್ಲ. ನಿರ್ದೇಶಕರ ಮನೆ ಅಂತ ಅಂದಾಜಿನ ಅಂಕಿ ತಾನಾಗಿ ಮೇಲಕ್ಕೆ ಹೋಗಿತ್ತು, ಕೆಳಗಿನ ಕೇರಿಯದು ತಾನಾಗಿ ಕೆಳಕ್ಕೆ ಹೋಗಿತ್ತು.

ತಂದೆಯವರಿಗೆ ಎರಡು ಪುಸ್ತಕದ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ಬೆಳಿಗ್ಗೆ ಡೈರಿಗೆ ತಾವೇ ಕ್ಯಾನು ಹಿಡಿದು ಬಂದು, "ನಮ್ಮ ಹಾಲು ಇಲ್ಲೇ ಎಲ್ಲರ ಎದುರಿಗೆ ನೋಡಿ, ಆ ಅಜ್ಜಿದೂ ನೋಡಿ" ಅಂದರು. ಲಾರಿ ಕಾಯಿತು. ನಮ್ಮದು 3.5 ಬಂತು, ಅಜ್ಜಿಯದು 3.9. ತಂದೆಯವರು "ಬರೀರಿ" ಅಂದರು, ಅಷ್ಟೇ. ಆ ತಿಂಗಳ ಸಭೆಯಲ್ಲಿ ನಮ್ಮ ಮನೆಯ ಹಿಂದಿನ ಬಟವಾಡೆಯಲ್ಲಿ ಹೆಚ್ಚು ಬಂದದ್ದನ್ನು ವಾಪಸ್ಸು ಕಟ್ಟಿದರು. ಊರಲ್ಲಿ ಕೆಲವರು ಹೊಗಳಿದರು, ಕೆಲವರು ಸಿಕ್ಕಿಬಿದ್ದ ಮೇಲೆ ಕಟ್ಟಿದರು ಅಂದರು. ಎರಡೂ ನಿಜವೇ. ಅದಕ್ಕೂ ಹಿಂದಿನ ತಿಂಗಳುಗಳದ್ದು ಎಷ್ಟು ಅಂತ ಯಾವ ಪುಸ್ತಕವೂ ಹೇಳುವಂತಿರಲಿಲ್ಲ. ತಪ್ಪು ಬರೆದ ಲೆಕ್ಕದ ಕಷ್ಟವೇ ಇದು, ಆಮೇಲೆ ಸರಿ ಮಾಡೋಣ ಅಂದರೂ ಸರಿಯಾದದ್ದು ಎಲ್ಲೂ ಉಳಿದಿರೋದಿಲ್ಲ.

ಇದರಲ್ಲಿ ಪರೀಕ್ಷಕರೊಬ್ಬರನ್ನೇ ದೂರಿದರೆ ಅನ್ಯಾಯ. ಹಾಲು ಅಳೆಯೋದು, ಮಾದರಿ ತೆಗೆಯೋದು, ಬರೆಯೋದು, ಕ್ಯಾನು ಎತ್ತೋದು ಎಲ್ಲ ಇಬ್ಬರ ತಲೆ ಮೇಲೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆ ಸಭೆಯಲ್ಲಿ ಆಡಳಿತ ಮಂಡಳಿ ಮಾಡಿದ್ದು ಸಣ್ಣ ಕೆಲಸ. ಬಾಟಲಿಗಳಿಗೆ ಅಳಿಸದ ಬಣ್ಣದಲ್ಲಿ ನಂಬರು ಬರೆಸಿದರು. ಹೆಚ್ಚಿಗೆ ಕೊಳವೆ ತರಿಸಿದರು. ಲಾರಿಯ ಹೊತ್ತನ್ನು ಒಕ್ಕೂಟದವರಿಗೆ ಹೇಳಿ ಸ್ವಲ್ಪ ಮುಂದಕ್ಕೆ ಹಾಕಿಸಿದರು. ಅಂಕಿ ತಪ್ಪಾದರೆ ಮೇಲೆ ತಿದ್ದಿ ಬರೆಯಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು ಅಂತ ಮಾಡಿದರು. ಆ ಕೆಂಪು ಪುಸ್ತಕಗಳಲ್ಲಿ ಆ ತಿಂಗಳಿನಿಂದ ಈಚೆಗೆ ಜಿಡ್ಡಿನ ಅಂಕಿ ದಿನಾ ಬೇರೆ ಬೇರೆ ಇದೆ. ಬೇಕಾದವರು ಬಂದು ನೋಡಬಹುದು. ತೂಕಕ್ಕೆ ಹಾಕಬೇಡಿ ಅಂತ ನಾವು ಹೇಳಿದ್ದು ಇದಕ್ಕೇ.

ಯಂತ್ರ ಬಂದ ಮೇಲೆ

ಹಾಲು ನೋಡುವ ವಿದ್ಯುತ್ ಯಂತ್ರಗಳು ನಮ್ಮ ದೇಶದಲ್ಲಿ ಬಂದದ್ದು 1980ರ ದಶಕದಲ್ಲಿ. 1981ರಲ್ಲಿ ಜೈಪುರದಲ್ಲಿ ಶುರುವಾದ ರಾಜಸ್ಥಾನ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇದನ್ನು ತಯಾರಿಸಿ ಹಳ್ಳಿ ಸಂಘಗಳಿಗೆ ಕೊಟ್ಟಿತು. ನಮ್ಮ ಸಂಘಕ್ಕೆ ಅದು ತಲುಪಿದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ತೂಕದ ಯಂತ್ರ, ಕಂಪ್ಯೂಟರ್, ಚೀಟಿ ಮುದ್ರಿಸುವ ಯಂತ್ರ ಎಲ್ಲ ಒಂದಕ್ಕೊಂದು ಜೋಡಿಸಿ ಬಂದವು. ಇದರಿಂದ ಆದ ಉಪಕಾರ ಮರೆಯುವಂತಿಲ್ಲ. ಆಮ್ಲ ಹೋಯಿತು, ನೊರೆಯ ಜಗಳ ಹೋಯಿತು, ಮಾಪಿನ ಚೂರು ಹೋಯಿತು. ಹಾಲು ಹಾಕಿದ ಕೂಡಲೇ ತೂಕ, ಜಿಡ್ಡು, ಘನಾಂಶ, ದರ, ಮೊತ್ತ ಎಲ್ಲ ಚೀಟಿಯಲ್ಲಿ.

ಆದರೆ ಯಂತ್ರಕ್ಕೂ ಮೇವು ಬೇಕು. ದಿನಾ ತೊಳೆಯಬೇಕು, ಹಾಲು ಹೋಗುವ ಕೊಳವೆಯಲ್ಲಿ ಜಿಡ್ಡು ಕಟ್ಟಿದರೆ ಅಂಕಿ ಅತ್ತಿತ್ತ ಆಗುತ್ತದೆ. ಮಾದರಿ ತೆಗೆಯುವ ಮುಂಚೆ ಹಾಲು ಚೆನ್ನಾಗಿ ಕಲಕಬೇಕು, ಇಲ್ಲದಿದ್ದರೆ ಮೇಲಿನ ಕೆನೆಯೇ ಯಂತ್ರಕ್ಕೆ ಹೋಗುತ್ತದೆ. ಆಗಾಗ್ಗೆ ಗರ್ಬರ್ ಪರೀಕ್ಷೆಯ ಜೊತೆ ತಾಳೆ ನೋಡಿ ಸರಿಪಡಿಸಬೇಕು. ಒಂದು ಲೀಟರ್ ಹಾಲು ಒಂದು ಕೆ.ಜಿ. ಮೂವತ್ತು ಗ್ರಾಂ ಸುಮಾರು ತೂಗುತ್ತದೆ. ಯಂತ್ರ ತೋರಿಸುತ್ತಿರುವುದು ಕೆ.ಜಿ.ಯೋ ಲೀಟರೋ ಅಂತ ಗೊತ್ತಿಲ್ಲದೆ ಬರೆದರೆ ನೂರು ಲೀಟರಿಗೆ ಮೂರರ ವ್ಯತ್ಯಾಸ.

ಹೆಸರಿನ ವಿಷಯವೂ ಇದೆ. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರು ಮಾಡಿತು. ಅದು 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವಂತಾದಾಗ ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರ ಖಾತೆ ನಂಬರು ಅದಲು ಬದಲಾಗಿ, ಎಂಟು ತಿಂಗಳು ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋಯಿತು. ಕಂಪ್ಯೂಟರ್ ಎಂಟು ತಿಂಗಳೂ ಒಂದು ಪೈಸೆ ತಪ್ಪದೆ ಲೆಕ್ಕ ಮಾಡಿತ್ತು. ತಪ್ಪಾದದ್ದು ಮೊದಲ ದಿನ ಹೆಸರು ಸೇರಿಸುವಾಗ. ತಂದೆಯ ಹೆಸರು ಕೇಳಿ ಬರೆದಿದ್ದರೆ, ಬರೆದದ್ದನ್ನು ಅವರಿಗೆ ಒಂದು ಸಲ ಓದಿ ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

ಪಹಣಿಯ ವಿಷಯದಲ್ಲೂ ರೈತರಿಗೆ ಇದರ ಅನುಭವ ಇದೆ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಅದರಲ್ಲಿ ಒಳ್ಳೆಯದು ಅಂದರೆ ಬರೀ ಕಂಪ್ಯೂಟರ್ ತಂದದ್ದಲ್ಲ, ಕೆಲಸದ ಕ್ರಮವನ್ನೂ ಬದಲು ಮಾಡಿದ್ದು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಂತೆ ಹೋಗಬೇಕು, ಯಾರು ಬದಲಾಯಿಸಿದರು ಅನ್ನೋದಕ್ಕೆ ಅಧಿಕಾರಿಯ ಬೆರಳಚ್ಚು ಇರಬೇಕು. ಆದರೆ ಹಳೇ ಪುಸ್ತಕದಲ್ಲೇ ತಪ್ಪಿದ್ದ ಹೆಸರು, ತಪ್ಪಿದ್ದ ವಿಸ್ತೀರ್ಣ ಕಂಪ್ಯೂಟರಿಗೂ ಹಾಗೇ ಬಂದು ಕೂತು, ಅದನ್ನು ತಿದ್ದಿಸೋಕೆ ಅಲೆದವರು ನಮ್ಮೂರಲ್ಲೂ ಇದ್ದಾರೆ.

ಮೂರು ದಿನದ ಚೀಟಿ

ಈಗ ಹೇಳುವ ವಿಷಯ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಬೇಕಾ ಅಂತ ಕೆಲವರು ಕೇಳಬಹುದು. ಬೇಕು ಅಂತಲೇ ನಮ್ಮ ಅಭಿಪ್ರಾಯ.

ಹೋದ ಮಳೆಗಾಲದಲ್ಲಿ ಮೂರು ದಿನ ನಮ್ಮ ಪರೀಕ್ಷೆ ಯಂತ್ರ ಕೆಟ್ಟಿತ್ತು. ತೂಕದ ಯಂತ್ರ, ಚೀಟಿ ಯಂತ್ರ ನಡೀತಿದ್ದವು. ಯಂತ್ರ ಕೆಟ್ಟಾಗ ಜಿಡ್ಡಿನ ಅಂಕಿಯನ್ನು ಕೈಯಿಂದ ಒತ್ತಿ ಹಾಕಲು ಅದರಲ್ಲಿ ಅನುಕೂಲ ಇದೆ. ಹಾಗೆ ಮಾಡಿದರು. ಎಲ್ಲರಿಗೂ ಸುಮಾರು ಒಂದೇ ಅಂಕಿ ಒತ್ತಿದರು. ಕೈಯಿಂದ ಒತ್ತಿದ ಅಂಕಿಯನ್ನೂ, ಯಂತ್ರ ಅಳೆದ ಅಂಕಿಯನ್ನೂ ನಮ್ಮ ಚೀಟಿ ಒಂದೇ ಥರ ಅಚ್ಚು ಹಾಕುತ್ತದೆ. ಮೂರು ದಿನ, ಆರು ಹೊತ್ತು, ಒಬ್ಬ ಸದಸ್ಯರೂ ಕೇಳಲಿಲ್ಲ. ನಾವು ನಿರ್ದೇಶಕರು, ನಾವೂ ಚೀಟಿ ಜೇಬಿಗೆ ಹಾಕಿಕೊಂಡು ಬಂದೆವು.

ಗೊತ್ತಾದದ್ದು ಒಕ್ಕೂಟದ ಫಲಿತಾಂಶ ಬಂದಾಗ. ಈ ತಾಳೆಯ ಲೆಕ್ಕ ಎಲ್ಲ ಸದಸ್ಯರೂ ತಿಳಿಯಬೇಕು. ಒಂದು ಹೊತ್ತಿಗೆ 400 ಲೀಟರ್ ಹಾಲು ಬಂತು ಅಂತಿಟ್ಟುಕೊಳ್ಳಿ, ತೂಕ ಸುಮಾರು 412 ಕೆ.ಜಿ. ನಮ್ಮ ಪುಸ್ತಕದ ಪ್ರಕಾರ ಸರಾಸರಿ ಜಿಡ್ಡು 3.8, ಒಕ್ಕೂಟದಲ್ಲಿ ನೋಡಿದಾಗ 3.5 ಬಂದರೆ ಒಂದು ಕೆ.ಜಿ. ಇನ್ನೂರು ಗ್ರಾಂಗೂ ಹೆಚ್ಚು ಜಿಡ್ಡು ಲೆಕ್ಕದಲ್ಲಿ ಮಾತ್ರ ಇದೆ, ಹಾಲಿನಲ್ಲಿ ಇಲ್ಲ. ಅದರ ದುಡ್ಡು ಸದಸ್ಯರಿಗೆ ಸಂಘ ಕೊಟ್ಟಿರುತ್ತದೆ, ಸಂಘಕ್ಕೆ ಒಕ್ಕೂಟ ಕೊಡೋದಿಲ್ಲ. ಈ ನಷ್ಟ ಕೊನೆಗೆ ನಮ್ಮೆಲ್ಲರ ಬೋನಸ್ಸಿನಲ್ಲೇ ಕಡಿತ. ಉಲ್ಟಾ ಆದರೆ, ಅಂದರೆ ಪುಸ್ತಕದಲ್ಲಿ ಕಡಿಮೆ ಬರೆದು ಒಕ್ಕೂಟದಲ್ಲಿ ಹೆಚ್ಚು ಬಂದರೆ, ಸಂಘಕ್ಕೆ ಲಾಭ ಅಂತ ಕಾಣುತ್ತದೆ. ಆದರೆ ಅದು ಯಾರದೋ ಬಡವರ ಹಾಲಿನ ದುಡ್ಡು. ಲಾಭ ತೋರಿಸಿದ ವರ್ಷವೂ ಲೆಕ್ಕ ಸರಿ ಇತ್ತು ಅಂತ ಹೇಳೋ ಹಾಗಿಲ್ಲ.

ನಮ್ಮ ಮನಸ್ಸಿಗೆ ಚುಚ್ಚಿದ್ದು ಈ ನಷ್ಟ ಅಲ್ಲ. ಕೈಬರಹ ಇದ್ದ ಕಾಲದಲ್ಲಿ ಓದು ಬಾರದ ಆ ಅಜ್ಜಿ ಹದಿನೈದು ದಿನದ ಲೆಕ್ಕವನ್ನು ಓದಿಸಿ ಕೇಳಿದರು. ಈಗ ಓದು ಬಂದ ನಾವು ಅಚ್ಚಾದ ಚೀಟಿ ನೋಡಿ ಕೇಳೋದನ್ನು ಬಿಟ್ಟೆವು. ಅಜ್ಜಿ ಈಗಿಲ್ಲ. ಇದ್ದಿದ್ದರೆ ಎರಡನೇ ಹೊತ್ತಿಗೇ ಕೇಳಿಬಿಡ್ತಿದ್ದರು.

ಮುಂದಿನ ದಾರಿ

ಆದ್ದರಿಂದ ಬರುವ ಸರ್ವಸದಸ್ಯರ ಸಭೆಯಲ್ಲಿ ಕೆಲವು ವಿಷಯಗಳನ್ನು ಮುಂದಿಡಬೇಕು ಅಂತ ನಾವು ಆಡಳಿತ ಮಂಡಳಿಯಲ್ಲಿ ಕೇಳಿಕೊಂಡಿದ್ದೇವೆ. ಯಂತ್ರ ಕೆಟ್ಟ ಹೊತ್ತಿನಲ್ಲಿ ಕೈಯಿಂದ ಹಾಕಿದ ಅಂಕಿಗೆ ಚೀಟಿಯ ಮೇಲೆ ಗುರುತು ಇರಬೇಕು, ಅಂದಿನ ಪುಸ್ತಕಕ್ಕೆ ಒಬ್ಬ ನಿರ್ದೇಶಕರ ಸಹಿ ಬೇಕು. ಹಳೇ ಗರ್ಬರ್ ಸಾಮಾನು ಅಟ್ಟಕ್ಕೆ ಹಾಕದೆ, ತಿಂಗಳಿಗೊಂದು ದಿನ ಇಬ್ಬರು ಸದಸ್ಯರ ಎದುರು ಯಂತ್ರದ ಜೊತೆ ತಾಳೆ ನೋಡಬೇಕು. ಒಕ್ಕೂಟದಲ್ಲಿ ಬಂದ ಜಿಡ್ಡು, ನಮ್ಮ ಪುಸ್ತಕದ ಸರಾಸರಿ ಜಿಡ್ಡು ಎರಡನ್ನೂ ವಾರಕ್ಕೊಮ್ಮೆ ಡೈರಿಯ ಕರಿಹಲಗೆ ಮೇಲೆ ಬರೆಯಬೇಕು. ಹೊಸ ಸದಸ್ಯರ ಹೆಸರು, ತಂದೆ ಅಥವಾ ಗಂಡನ ಹೆಸರು, ಖಾತೆ ನಂಬರು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆದು ಸೇರಿಸಬೇಕು. ಅಳೆಯುವವರು, ಹಣದ ಲೆಕ್ಕ ನೋಡುವವರು ಬೇರೆ ಬೇರೆ ಇರಬೇಕು. ಇದಕ್ಕೆ ನೌಕರರಿಗೆ ಸ್ವಲ್ಪ ಸಂಬಳ ಹೆಚ್ಚಿಸಬೇಕಾಗುತ್ತದೆ, ಸಾಲು ಸ್ವಲ್ಪ ನಿಧಾನ ಆಗುತ್ತದೆ. ಬೆಳಿಗ್ಗೆ ಹೊತ್ತು ಎಲ್ಲರಿಗೂ ಅವಸರ ಇರುತ್ತದೆ, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು, ಹೊಲಕ್ಕೆ ಹೋಗಬೇಕು ಅನ್ನೋದು ನಮಗೂ ಗೊತ್ತು. ಆದರೆ ಅವಸರದಲ್ಲಿ ಬರೆದ ಲೆಕ್ಕದ ಬೆಲೆ ಎಷ್ಟು ಅಂತ ಮೇಲೆ ಹೇಳಿದ್ದೇವೆ.

ಸದಸ್ಯರ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಹಾಲನ್ನು ಕರೆದ ಹಾಗೇ ತನ್ನಿ, ಕೆನೆ ತೆಗೆಯಬೇಡಿ, ನೀರು ಬೆರೆಸಬೇಡಿ. ಚೀಟಿ ಕೊಟ್ಟಾಗ ಅಲ್ಲೇ ನಿಂತು ಓದಿ. ಓದು ಬಾರದವರು ಪಕ್ಕದವರಿಂದ ಓದಿಸಿ. ಜಿಡ್ಡು ಒಂದೇ ಥರ ಮೂರು ದಿನ ಬಂದರೆ ಕೇಳಿ. ಕೇಳಿದರೆ ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ತಾರೆ ಅನ್ನೋ ಸಂಕೋಚ ಬೇಡ. ಸಂಘ ಎಲ್ಲರದೂ ಆದಮೇಲೆ ಕೇಳೋ ಹಕ್ಕೂ ಎಲ್ಲರದೂ.

 ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಆಗ ಸಂಚಿಕೆಗೆ ಬರೆಯುವವರು ಇದೇ ಬೀರು ತೆಗೆದು ನೋಡಿದಾಗ, ಈಗ ನಾವು ಬರೆಯುತ್ತಿರುವ ಲೆಕ್ಕ ಅವರು ನಂಬುವಂತೆ ಇರಲಿ ಅಂತ ಹಾರೈಸಿ ಈ ಲೇಖನ ಮುಗಿಸುತ್ತೇವೆ.